ಟಾರು ಬಳಿದ ಹಲಗೆ

ಬಂಡೆಯ ಮೇಲೆ ಹರಡಿದ ಉಪ್ಪುಮೀನಿನ ಬಿಳುಪು ಕಣ್ಣಿಗೆ ಚುಚ್ಚುತ್ತಿದೆ, ಮೋಡ ಇಳಿಯುವ ಮೊದಲು ರಾಶಿ ಹಾಕಿ ಮುಚ್ಚಬೇಕು, ಕೈ ಏಳುತ್ತಿಲ್ಲ — ಡೆನ್ಮಾರ್ಕಿನ ಜೊತೆ ಇರುತ್ತೀರೋ ಬೇರೆಯಾಗುತ್ತೀರೋ ಎಂದು ಡೇನರೇ ಮತ ಹಾಕಿಸಿ ಕೇಳಿದ್ದರು, ನಮ್ಮ ಫಾರೋ ದ್ವೀಪಗಳಲ್ಲಿ ಬೇರೆ ಎಂದವರೇ ಕೂದಲೆಳೆಯಷ್ಟು ಹೆಚ್ಚಾದೆವು, ಚರ್ಚಿನ ಅಂಗಳದಲ್ಲಿ ಕೈ ಹಿಡಿದು ಸುತ್ತು ಕುಣಿದೆವು, ಮೈದುನ ದಾನ್ಯಾಲನ ದನಿಯೇ ಎಲ್ಲರಿಗಿಂತ ಜೋರು, ಅತ್ತಿಗೆ, ಹಾನುಸಣ್ಣ ಇದ್ದಿದ್ರೆ ಇವತ್ತು ನಿನ್ನ ಎತ್ಕೊಂಡೇ ಕುಣೀತಿದ್ದ ಅಂದ, ನನಗೆ ಅಳು ಬಂತು, ಎರಡು ವಾರವೂ ಆಗಿಲ್ಲ, ಕೋಪನ್‌ಹೇಗನ್ನಿನ ದೊರೆ ನಮ್ಮ ಶಾಸನಸಭೆಯನ್ನೇ ವಿಸರ್ಜಿಸಿದ್ದಾನೆ, ಮತ್ತೆ ಮತ ಹಾಕಬೇಕಂತೆ — ತಪ್ಪು ಬರೆದ ಮಕ್ಕಳ ಸ್ಲೇಟನ್ನು ಮೇಷ್ಟ್ರು ಒರೆಸಿ ಕೊಟ್ಟ ಹಾಗೆ — ದಾನ್ಯಾಲ್ ಈಗಷ್ಟೇ ಬಂದು ಹೋದ, ಟೋಪಿ ಕೈಯಲ್ಲಿ ಹಿಡಿದು, ಈ ಸಲ ಡೇನರ ಕಡೆಗೇ ಹಾಕೋಣ ಅತ್ತಿಗೆ, ಬಂದರಿನ ಕೆಲಸ ನಂಗೇ ಅಂದಿದಾರೆ, ಬಾವುಟ ಬೇಯಿಸ್ಕೊಂಡು ತಿನ್ನಕ್ಕಾಗುತ್ತಾ ಅಂದ, ನಿನ್ನಣ್ಣ ಸತ್ತದ್ದು ಆ ಬಾವುಟದ ಕೆಳಗೇ ಕಣೋ ಎಂದೆ, ಗೊತ್ತು, ಅದನ್ನೇ ಹೇಳಕ್ಕೆ ಬಂದೆ, ದೋಣಿಮನೇಲಿರೋ ಅಣ್ಣನ ಹಲಗೆಗೆ ಟಾರು ಬಳಿದೆ, ಮರ ಕೊಳೀಬಾರ್ದಲ್ಲ. ಮರ ಕೊಳೆಯಬಾರದಂತೆ. ಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನರ ಕೈಗೆ ಸಿಕ್ಕಿತ್ತು, ಡೇನರ ಬಾವುಟ ಕಂಡರೆ ಇಂಗ್ಲಿಷರು ಶತ್ರು ಎನ್ನುತ್ತಿದ್ದರು, ಅದಕ್ಕೇ ಹಾನುಸ್ ದೋಣಿಯ ಬದಿಗೆ ನಮ್ಮ ಬಾವುಟವನ್ನೇ ಬರೆದ, ಬಿಳಿಯ ಮೇಲೆ ಕೆಂಪು ಶಿಲುಬೆ, ಬಣ್ಣದ ಡಬ್ಬಿ ಹಿಡಿದವಳು ನಾನು, ನನ್ನ ಮೂಗಿನ ತುದಿಗೂ ಬಳಿದು ನಕ್ಕ, ಸಮುದ್ರದಾಚೆಯ ಅಬರ್ಡೀನ್ ಬಂದರಿಗೆ ಮೀನು ಹೊತ್ತು ಹೋದ, ನೀರಲ್ಲಿ ತೇಲಿಬಿಟ್ಟ ಬಾಂಬಿಗೆ ದೋಣಿ ತಾಗಿತು, ಏಳು ಜನರಲ್ಲಿ ಒಬ್ಬನೂ ಬರಲಿಲ್ಲ, ಬಂದದ್ದು ದೋಣಿಯ ಬದಿಯ ಈ ಹಲಗೆ, ಅಲೆ ಅದನ್ನು ಕಲ್ಲಿಗೆ ಬಡಿಯುತ್ತಿತ್ತು, ಶಿಲುಬೆಯ ಒಂದು ತೋಳು ಮಾತ್ರ ಉಳಿದಿತ್ತು, ಪಾದ್ರಿ ಅದರ ಮುಂದೆಯೇ ಪ್ರಾರ್ಥನೆ ಮುಗಿಸಿದರು, ಹೂಳಲು ಏನಿತ್ತು — ಮಾರ್ಯುನ್, ಮಳೆ ಬಂತು, ಮೀನು ನೆನೀತಿದೆ ನೋಡೇ, ಎಲ್ಲಿಗೆ ಹೊರಟೆ, ಹೆಂಗಸರು ಹಿಂದಿನಿಂದ ಕೂಗುತ್ತಿದ್ದಾರೆ, ನೆನೆಯಲಿ, ಕೊಳೆಯಲಿ, ಮೀನು ಸೀಳುವ ಚೂರಿ ಕೈಯಲ್ಲೇ ಇದೆ, ದೋಣಿಮನೆಯ ಬಾಗಿಲು ದೂಡುತ್ತೇನೆ, ಟಾರಿನ ಘಾಟು, ಗೋಡೆಯ ಮೇಲೆ ಹಲಗೆ ಹೊಸ ಪೆಟ್ಟಿಗೆಯಂತೆ ಮಿರುಗುತ್ತಿದೆ, ಎಷ್ಟು ನೀಟಾಗಿ ಬಳಿದಿದ್ದಾನೆ, ಮೂಲೆಮೂಲೆಗೂ, ಇನ್ನೂ ಹಸಿ, ಕೆರೆಯುತ್ತೇನೆ, ಕಪ್ಪು ಸುರುಳಿಸುರುಳಿಯಾಗಿ ಬರುತ್ತದೆ, ಬರಲಿ, ಇನ್ನಷ್ಟು — ಕಪ್ಪಿನ ಜೊತೆ ಅದೂ ಬರುತ್ತಿದೆ, ಹಾನುಸ್ ಬಳಿದದ್ದು, ಕೆರೆದಲ್ಲಿ ಬರೀ ಮರ, ಕೆರೆಯದಲ್ಲಿ ಬರೀ ಟಾರು, ಚೂರಿ ನಿಲ್ಲಿಸುತ್ತೇನೆ, ಅಲಗಿನ ಮೇಲೆ ಕಪ್ಪು, ಕಪ್ಪಿನ ಅಂಚಿಗೆ ಉಗುರಿನಷ್ಟು ಕೆಂಪು, ಒರೆಸಲಾರೆ, ಕೆಳಗಿಡಲಾರೆ, ಉಗುರಿನಷ್ಟು ಕೆಂಪು