ಏರು ಶ್ರುತಿಯಲ್ಲಿ ಒಂದು ಪ್ರೊಸೆಸರ್

"ಎಷ್ಟು ಏರಿಸಿದರೆ ಸಾಕು?"

ಮಧೂರಿನ ಮನೆಯಲ್ಲಿ ರಂಜನಿ ಹೀಗೆ ಕೇಳಿದಳು. ಎದುರಿಗಿದ್ದದ್ದು ಕಂಪ್ಯೂಟರಿನ ಪರದೆ. ಅದು ಉತ್ತರ ಹೇಳುವ ಪೈಕಿ ಅಲ್ಲ.

ಕಥೆಯನ್ನು ಇಲ್ಲಿಂದ ಶುರು ಮಾಡಬಹುದೇ? ಪುರಾಣದ ಓದು ಕೇಳಿ ಬೆಳೆದವನು ನಾನು. ಗಣಪತಿಯನ್ನು ನೆನೆಯದೆ ಬಾಯಿ ತೆರೆಯಲು ಅಳುಕು. ಮೊದಲ ಕರಡಿನಲ್ಲಿ ಸ್ತುತಿ ಹಾಕಿದ್ದೆ. ಅದು ಮುಗಿಯುವಾಗ ಪುಟವೂ ಮುಗಿದಿತ್ತು, ರಂಜನಿ ಬಂದೇ ಇರಲಿಲ್ಲ. ಹರಿದು ಹಾಕಿದೆ. (ಅವನು ಕ್ಷಮಿಸಲಿ. ಮಧೂರಿನವರಿಗೆ ಅವನ ದೇವಸ್ಥಾನ ಹತ್ತಿರವೇ, ಹೋಗಿ ಹೇಳಿ ಬಂದರಾಯಿತು.)

೧

ವಿಷಯ ಇಷ್ಟು. ರಂಜನಿಯ ಅಮ್ಮ ಗಂಗಮ್ಮ ಊರಿಗೆಲ್ಲ ಪುರಾಣ ಓದಿದವರು. ಈಗ ಸ್ವರ ಮೇಲೆ ಹೋಗುವುದಿಲ್ಲ. ಏರು ಸ್ವರದಲ್ಲಿ ಓದಿದ ಒಂದೇ ಒಂದು ರೆಕಾರ್ಡಿಂಗ್ ಉಂಟು, ಅದರ ತುಂಬ ಫ್ಯಾನಿನ ಗರಗರ. ಆ ಗರಗರ ತೆಗೆದು ನವರಾತ್ರಿಗೆ ಎಲ್ಲರಿಗೂ ಕೇಳಿಸಬೇಕೆಂದು ರಂಜನಿಯ ಆಸೆ. ಅದನ್ನು ತೆಗೆಯುವ ಸಾಫ್ಟ್‌ವೇರಿಗೆ ಬೇಕಾದಷ್ಟು ಓಟ ಹಳೆಯ ಕಂಪ್ಯೂಟರಿಗಿಲ್ಲ. ಹಾಗಾಗಿ ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಅದರ ಅಳತೆ ಮೀರಿ ಓಡಿಸುವುದು.

೨

ಉಪ್ಪಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಫಾಯಿಝಾ, ರಂಜನಿಯ ಕ್ಲಾಸ್‌ಮೇಟ್, ಫೋನಿನಲ್ಲಿ ಹೇಳಿದಳು. "ಮೊದಲು ಫೈಲಿನ ಕಾಪಿ ತೆಗೆದಿಡು ಮಾರಾಯ್ತಿ. ಆಮೇಲೆ ವೇಗ ಒಂದು ಚೂರು ಏರಿಸು, ಟೆಸ್ಟ್ ಮಾಡು, ಬಿಸಿ ನೋಡು. ಕಂಪ್ಯೂಟರ್ ತಡವರಿಸಿದರೆ ಮಾತ್ರ ವೋಲ್ಟೇಜ್ ಏರಿಸು, ಅದೂ ಚಿಟಿಕೆ ಉಪ್ಪು ಹಾಕಿದ ಹಾಗೆ. ಜಾಸ್ತಿ ಕೊಟ್ಟರೆ ಬಿಸಿ ಏರುತ್ತದೆ, ಆಯುಸ್ಸೂ ಕಮ್ಮಿ."

"ಯಾರ ಆಯುಸ್ಸು?"

"ಪ್ರೊಸೆಸರಿನದ್ದು. ನಿನ್ನದನ್ನು ನಿನ್ನ ಅಮ್ಮ ನೋಡಿಕೊಳ್ತಾರೆ."

(ಇಲ್ಲಿ ಫಾಯಿಝಾ ಕಥೆ ಬರೆಯುತ್ತಿದ್ದ ನನ್ನ ಕಡೆ ತಿರುಗಿದಳು. "ಎಂತ, ನನಗೆ ಉಪದೇಶದ ಪಾರ್ಟು ಮಾತ್ರವಾ? ಚಾ ಕುಡಿಯುವ ಒಂದು ಸೀನಾದರೂ ಕೊಡಿ." ಮುಂದಿನ ಕರಡಿನಲ್ಲಿ ಎಂದೆ. "ಬರೆಯುವವರೆಲ್ಲ ಹಾಗೇ ಹೇಳುವುದು.")

೨ (ಮತ್ತೆ)

ರಂಜನಿ ಕೇಳಿಸಿಕೊಂಡಳೇನೋ ಹೌದು. ಆದರೆ ಅಮ್ಮ ಕಲಿಸಿದ್ದು ಬೇರೆ: ಮೊದಲು ಶ್ರುತಿ ಹಿಡಿ, ಪದ್ಯ ಆಮೇಲೆ. ಹಾಗಾಗಿ ವೇಗಕ್ಕಿಂತ ಮೊದಲು ವೋಲ್ಟೇಜನ್ನೇ ಧಾರಾಳವಾಗಿ ಏರಿಸಿದಳು, ಆಮೇಲೆ ವೇಗವನ್ನು. ದೇವರ ಕೆಲಸಕ್ಕೆ ಟೆಸ್ಟ್ ಎಂತಕ್ಕೆ ಎಂದು ನೇರ ಅಮ್ಮನ ರೆಕಾರ್ಡಿಂಗನ್ನೇ ಓಡಿಸಿದಳು. ಕಾಪಿ ತೆಗೆದೆಯಾ ಎಂದು ಕೇಳಿದೆ.

"ನೀವು ಕಥೆ ಬರೆಯಿರಿ," ಎಂದಳು.

ಬಿಸಿಯ ಅಂಕಿ ಏರುತ್ತಾ ಕೆಂಪಾಯಿತು. ನಿಲ್ಲಿಸು ಎಂದೆ.

"ಪದ್ಯದ ನಡುವೆ ನಿಲ್ಲಿಸಬಾರದು. ಮಂಗಳ ಬರಲಿ."

ಮಂಗಳ ಎಂದರೆ ಓದು ಮುಗಿಸುವ ಕೊನೆಯ ಪದ್ಯ. ಅದು ಬರಲಿಲ್ಲ. ಕಂಪ್ಯೂಟರ್ ತಾನಾಗಿ ಆರಿತು.

೪

(ಮೂರನ್ನು ಬಿಟ್ಟೆ. ಅದರಲ್ಲಿ ಹೊಗೆ ಬರುತ್ತಿತ್ತು. ಈಗಿನ ಪ್ರೊಸೆಸರ್ ಸುಡುವ ಮೊದಲು ತಾನೇ ನಿಲ್ಲುತ್ತದೆ. ನನ್ನ ಪಾತ್ರಗಳಿಗಿಂತ ಅದಕ್ಕೆ ಬುದ್ಧಿ ಜಾಸ್ತಿ.)

ಸೆಟ್ಟಿಂಗ್ ಎಲ್ಲ ಮೊದಲಿನಂತೆ ಮಾಡಿದಾಗ ಕಂಪ್ಯೂಟರ್ ಏನೂ ಆಗದವರ ಹಾಗೆ ಎದ್ದಿತು. ಆದರೆ ಕಾಪಿ ತೆಗೆಯದೆ ಹೊಸದನ್ನು ಹಳೆಯ ಫೈಲಿನ ಮೇಲೆಯೇ ಬರೆಯಲು ಬಿಟ್ಟಿದ್ದಳಲ್ಲ, ಅಮ್ಮನ ಸ್ವರ ಮಂಗಳಕ್ಕೆ ಮೊದಲು ತುಂಡಾಗಿತ್ತು.

ಒಂದು ಕೊನೆ: ಫಾಯಿಝಾ ಬಂದು ಫೈಲನ್ನು ಉಳಿಸುತ್ತಾಳೆ. ("ವರ ಕೊಡುವ ಪಾರ್ಟೂ ನನಗೇ? ಚಾ ಎಲ್ಲಿ?")

ಇನ್ನೊಂದು: ತುಂಡಾದದ್ದನ್ನೇ ಕೇಳಿಸುವುದು. ಜನ ಯಾವಾಗ ಕೈಮುಗಿಯುವುದೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡುವುದು.

ಮೂರನೆಯದಕ್ಕೆ ತಡಕಾಡುವಾಗ ಗಂಗಮ್ಮ ಕಣ್ಣಿಗೆ ಬಿದ್ದರು. ಪ್ರತಿ ಕರಡಿನಲ್ಲೂ ಅವರು ಅಲ್ಲೇ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು. ನಾನೇ ಮಾತು ಕೊಟ್ಟಿರಲಿಲ್ಲ.

"ಅಮ್ಮ, ಮಂಗಳ ಒಂದು ಹಾಡಿ ಕೊಡು. ತಗ್ಗಿನ ಸ್ವರದಲ್ಲಿ ಸಾಕು, ಕೊನೆಗೆ ಸೇರಿಸುತ್ತೇನೆ," ಎಂದಳು ರಂಜನಿ. ನಾನೂ ಕೈಮುಗಿದೆ. ಕಥೆಗೂ ಒಂದು ಕೊನೆ ಬೇಕಿತ್ತು.

ಗಂಗಮ್ಮ ಸೌತೆಕಾಯಿ ಬದಿಗಿಟ್ಟರು. "ಮಂಗಳ ಹಾಡಿದರೆ ಓದು ಮುಗಿದ ಹಾಗೆ. ನನ್ನದು ಮುಗಿಯಿತು ಅಂತ ನಿಮ್ಮಿಬ್ಬರಿಗೆ ಹೇಳಿದ್ದು ಯಾರು? ನವರಾತ್ರಿಗೆ ನಾನೇ ಕೂರುತ್ತೇನೆ."

"ಕೂರು, ಬೇಡ ಅನ್ನಲಿಲ್ಲ. ಈಗ ಒಂದೇ ಒಂದು ಸಲ..."

"ಇಲ್ಲ. ಹಾಡುವುದಿಲ್ಲ."