ಬಾಯಾರ ಮನೆ ಮುಂದೆ ಮೈಕ್

ನನ್ನ ದನಿ ದಪ್ಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಮುಖ ಮುಖ ನೋಡಿಕೊಳ್ಳುವುದು ಬೇಡ. ಫೋನಿನಲ್ಲಿ ಮಾತಾಡಿದವರು ಇವತ್ತಿಗೂ ನನಗೆ "ಹೇಳ್ರಿ ಸಾಹೇಬ್ರ" ಅನ್ನುತ್ತಾರೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಟೀಚರು ನನ್ನ ಹತ್ತಿರ ಬಂದು ಮೆಲ್ಲಗೆ, "ಕಸ್ತೂರಿ, ನೀ ಬರೇ ತುಟಿ ಅಲ್ಲಾಡಸು ಸಾಕು" ಅಂದಿದ್ದರು. ಪಾಪ, ಅವರು ಪ್ರೀತಿಯಿಂದಲೇ ಅಂದದ್ದು. ನಾನು ತುಟಿ ಅಲ್ಲಾಡಿಸುತ್ತಲೇ ಮೆಟ್ರಿಕ್ ಮುಗಿಸಿದೆ. ಮನೆಗೆ ನೆಂಟರು ಬಂದರೂ ತಲೆಯಾಡಿಸಿ ಒಳಗೆ ಹೋಗುವುದು ರೂಢಿಯಾಯಿತು. ನಮ್ಮೂರು ಕಮಲಾಪುರದಲ್ಲಿ ನನ್ನನ್ನು ಭಾಳ ಮರ್ಯಾದಸ್ಥ ಹುಡುಗಿ ಅಂತ ಹೊಗಳುತ್ತಿದ್ದರು. ನನಗೋ ಒಳಗೊಳಗೇ ಸಿಟ್ಟು.

ಅಂಥ ನನಗೆ ಸಿಕ್ಕ ಕೆಲಸ ನೋಡಿ, ದನಿ ಮಾರುವ ಆಫೀಸಿನಲ್ಲಿ!

ಅದು ತೊಂಬತ್ತಮೂರನೇ ಇಸವಿ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ಮುಕುಂದರಾಯರ ಪ್ರಚಾರದ ಆಫೀಸಿತ್ತು. ಸೀರೆ ಸೇಲು, ಸರ್ಕಸ್ಸು, ದವಾಖಾನೆಯ ಕ್ಯಾಂಪು, ನಾಳೆ ನಳದ ನೀರು ಬರುವುದಿಲ್ಲ ಅನ್ನುವ ಸುದ್ದಿ, ಯಾವುದಿದ್ದರೂ ಇಲ್ಲಿ ಕ್ಯಾಸೆಟ್ಟಿಗೆ ತುಂಬಿ, ಶಫಿಯ ಆಟೋದ ಮೇಲೆ ಕಟ್ಟಿದ ಭೋಂಗಾ ಸ್ಪೀಕರಿನಲ್ಲಿ ಓಣಿ ಓಣಿ ಕೇಳಿಸುತ್ತಿದ್ದರು. ನನ್ನದು ಫೋನು ಎತ್ತುವುದು, ಅಂಗಡಿಯವರು ಹೇಳಿದ್ದನ್ನು ನೆಟ್ಟಗೆ ಬರೆದುಕೊಡುವುದು. ಅದನ್ನು ಓದುವವರು ರಾಯರ ಅಕ್ಕ ಭಾಗೀರಥಿಬಾಯಿ. ನಾವೆಲ್ಲ ಬಾಯಾರು ಅನ್ನುತ್ತಿದ್ದೆವು. ಹೊಸ ಸ್ಟೀಲ್ ತಂಬಿಗೆಗೆ ಚಮಚ ಬಡಿದಂಥ ದನಿ ಅವರದು. ಅವರು "ಬನ್ನಿ, ಬನ್ನಿ" ಅಂದರೆ ಸೀರೆ ಬೇಡದವರೂ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು.

ಬಾಯಾರದೊಂದು ನೇಮವಿತ್ತು. ಏನು ಹೇಳಿದರೂ ಎರಡು ಸಲ ಹೇಳಬೇಕು. "ಮೊದಲನೇ ಸಲಕ್ಕ ಮಂದಿ ಕಿವಿ ಎತ್ತತಾರ, ಎರಡನೇ ಸಲಕ್ಕ ಕೇಳತಾರ" ಅನ್ನುತ್ತಿದ್ದರು. ಇನ್ನೊಂದು ನೇಮ ಶಫಿಯದು. ಸಾವಾದ ಮನೆ ಬಂತೆಂದರೆ ಅವನು ಮೈಕ್ ಬಂದ್ ಮಾಡುತ್ತಿದ್ದ, ಆ ಓಣಿ ದಾಟುವ ತನಕ ಹಚ್ಚುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಇದು ಊರಿಗೆಲ್ಲ ಎಷ್ಟು ಗೊತ್ತಿತ್ತೆಂದರೆ, ಭೋಂಗಾ ನಡುವೆ ಸುಮ್ಮನಾಯಿತೆಂದರೆ ಹಿರಿಯರು "ಯಾರು ಹೋದ್ರೋ ಏನೋ" ಅಂತ ಎದ್ದು ಬಾಗಿಲಿಗೆ ಬರುತ್ತಿದ್ದರು.

ಬಾಯಾರು ಕ್ಯಾಸೆಟ್ ತುಂಬುವ ಕೋಣೆಯ ಗೋಡೆಗೆಲ್ಲ ಗಾದಿ ಬಡಿದಿದ್ದರು. ಬಾಗಿಲಲ್ಲಿ ಸಣ್ಣ ಗಾಜು. ಅವರು ಒಳಗೆ ಓದುತ್ತಿದ್ದರೆ ನಾನು ಗಾಜಿನ ಈಚೆ ನಿಂತು ಅವರ ಜೊತೆ ತುಟಿ ಅಲ್ಲಾಡಿಸುತ್ತಿದ್ದೆ. ಆ ಮೈಕಿನ ಮುಂದೆ ಒಮ್ಮೆ, ಒಂದೇ ಒಮ್ಮೆ, ನಾನೂ ಕೂತು ಮಾತಾಡಬೇಕು ಅನ್ನುವ ಆಸೆ. ಅಷ್ಟು ವರ್ಷ ಕಟ್ಟಿಟ್ಟ ಮಾತು ಎಲ್ಲಿಗೆ ಹೋಗಬೇಕು ಹೇಳಿ. ಒಂದು ದಿನ ಬಾಯಾರು ಓದುವುದನ್ನು ನಿಲ್ಲಿಸಿ ಎದ್ದು ಬಂದು ಬಾಗಿಲು ತೆರೆದರು.

"ತುಟಿ ಯಾಕ ಅಲ್ಲಾಡಸ್ತೀ? ಮಾತಾಡು."

ಕೈಗೆ ಹಾಳೆ ಕೊಟ್ಟು ಮೈಕಿನ ಮುಂದೆ ಕೂಡಿಸಿದರು. ನಾನು ಜಾಣೆ ನೋಡಿ, ಬಾಯಾರ ಹಾಗೆ ಓದಲು ಹೋದೆ. ಗಂಟಲು ಹಿಂಡಿ, ದನಿ ಸಣ್ಣ ಮಾಡಿ, "ಬನ್ನೀ, ಬನ್ನೀ" ಅಂದೆ. ಕ್ಯಾಸೆಟ್ ತಿರುಗಿಸಿ ಹಾಕಿದಾಗ ನನಗೇ ನಾಚಿಕೆಯಾಯಿತು, ಬೆಕ್ಕಿನ ಬಾಲ ತುಳಿದ ಹಾಗಿತ್ತು. ಶಫಿ ನಗು ತಡೆಯಲಾರದೆ ಹೊರಗೆ ಓಡಿದ. ಆಮೇಲೆ ಬಾಯಾರು ನನ್ನ ಸಹಜ ದನಿಯಲ್ಲೇ ಓದಿಸಿದರು. ಅದನ್ನು ಕೇಳಿ ರಾಯರು ತಲೆ ಕೆರೆದುಕೊಂಡರು.

"ಅಕ್ಕಾ, ಸೀರಿ ಅಂಗಡಿಗೆ ಗಂಡಸಿನ ದನಿ ಹಾಕಿದ್ರ ಯಾವ ಹೆಣ್ಮಗಳು ಬರ್ತಾಳ? ಕಸ್ತೂರಿಗೆ ಫೋನ್ ಸಾಕು."

ಅವತ್ತು ನಾನು ಬುತ್ತಿ ಬಿಚ್ಚಲಿಲ್ಲ. ಕೆಲಸ ಬಿಟ್ಟು ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಮಾಡಿದೆ. ಬಾಯಾರು ಬಂದು ಪಕ್ಕದಲ್ಲಿ ಕೂತರು. ಸಮಾಧಾನದ ಮಾತೊಂದೂ ಆಡಲಿಲ್ಲ.

"ನನ್ನಂಗ ಮಾತಾಡ್ಲಿಕ್ಕೆ ನಾ ಇನ್ನೂ ಜೀವಂತ ಇದ್ದೀನಿ. ನಿನ್ನಂಗ ಮಾತಾಡ್ಲಿಕ್ಕೆ ಯಾರಿದ್ದಾರ?" ಅಂದವರೇ ನನ್ನ ಬುತ್ತಿ ತಾವೇ ಬಿಚ್ಚಿ, ನಮ್ಮವ್ವ ಮಾಡಿದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತೆಗೆದುಕೊಂಡು ತಿನ್ನತೊಡಗಿದರು. ಇಂಥವರ ಮುಂದೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು? ನಾನೂ ತಿಂದೆ.

ಮರುವರ್ಷ ಚಳಿಗಾಲದಲ್ಲಿ ಕಮಲಾಪುರದಲ್ಲಿ ಕಣ್ಣಿನ ಕ್ಯಾಂಪು ಇಟ್ಟಿದ್ದರು. ಒಂದೇ ದಿನದ್ದು. ಅವತ್ತು ಕ್ಯಾಸೆಟ್ ಸಾಲದು, ಊರೊಳಗೆ ತಿರುಗಿ ನೇರವಾಗಿ ಹೇಳಬೇಕು ಅಂತ ಕ್ಯಾಂಪಿನವರು ಅಂದದ್ದರಿಂದ ಬಾಯಾರೇ ಹೊರಟರು. ಊರಿನ ಓಣಿ ತೋರಿಸಲು ನಾನು ಜೊತೆಗೆ. ನಾವು ಹೋಗಿ ಮುಟ್ಟುವುದಕ್ಕೂ, ಊರ ನಡುವಿನ ಗುರುಲಿಂಗಪ್ಪ ಸಾಹುಕಾರರು ತೀರಿಕೊಂಡ ಸುದ್ದಿ ಬರುವುದಕ್ಕೂ ಸರಿಹೋಯಿತು. ಮಣ್ಣು ಮಧ್ಯಾಹ್ನದ ಮೇಲೆ. ಶಫಿ ಆಟೋ ಬೇವಿನ ಮರದ ಕೆಳಗೆ ನಿಲ್ಲಿಸಿ, ಮೈಕಿನ ವೈರನ್ನೇ ಕಿತ್ತಿಟ್ಟ.

"ಸಣ್ಣ ಊರು ಬಾಯಾರ. ಎಲ್ಲಿ ಹಚ್ಚಿದ್ರೂ ಆ ಮನಿಗಿ ಕೇಳ್ತದ. ಇವತ್ತ ಮೈಕ್ ಇಲ್ಲ."

ಅತ್ತ ಟೆಂಟಿನಲ್ಲಿ ಡಾಕ್ಟರು ಸುಮ್ಮನೆ ಕೂತಿದ್ದರು. ಒಬ್ಬರೂ ಬಂದಿರಲಿಲ್ಲ. ಬಾಯಾರು ಸೆರಗು ಬಿಗಿದು ಬಾಯಿಮಾತಿನಲ್ಲೇ ಹೇಳುತ್ತೇನೆಂದು ಇಳಿದರು. ಮೊದಲನೇ ಮನೆಯ ಮುಂದೆ ನಿಂತು ಅರ್ಧ ಮಾತು ಹೇಳಿ ತಾವೇ ನಿಲ್ಲಿಸಿದರು. ಸಾವಿನ ಓಣಿಯಲ್ಲಿ ಆ ಖಣಖಣ ದನಿ ಸೇಲಿಗೆ ಕರೆದಂತೆ ಕೇಳಿತು. ಅದು ಅವರಿಗೇ ಮೊದಲು ತಿಳಿಯಿತು.

"ನನ್ನ ದನಿ ಹಬ್ಬದ್ದು, ಇಲ್ಲಿ ನಡಿಯಂಗಿಲ್ಲ. ಕಸ್ತೂರಿ, ನೀ ಹೋಗು."

"ಇದು ನನ್ನ ಊರು ರೀ ಬಾಯಾರ. ಬ್ಯಾರೆ ಯಾವ ಊರಾಗರ ಹೇಳ್ರಿ, ಹೋಗ್ತೀನಿ."

"ನಿನ್ನ ಊರು ಅಂತೇ ಹೇಳಾಕತ್ತೀನಿ. ನಡಿ."

ಹೋದೆ. ಎರಡನೇ ಮನೆಯ ಕಟ್ಟೆಯ ಮೇಲೆ ಭಾಗಮ್ಮಾಯಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಯಾವ ಕಾಲವಾಯಿತೋ. ನಾನು ಬಗ್ಗಿ, ಗಂಟಲು ಹಿಂಡದೆ, ಇದ್ದ ದನಿಯಲ್ಲೇ ಹೇಳಿದೆ. "ಆಯಿ, ಇವತ್ತ ಕಣ್ಣಿನ ಡಾಕ್ಟರ್ ಬಂದಾರ. ಪೈಸೆ ಇಲ್ಲ. ಬಸ್‌ಸ್ಟ್ಯಾಂಡಿನ ಬಾಜೂಕ ಟೆಂಟ್ ಅದ." ಬಾಯಾರ ನೇಮ ನೆನಪಾಗಿ ಇನ್ನೊಮ್ಮೆ ಹೇಳಿದೆ.

ಮುದುಕಿ ಮುಖ ಎತ್ತಿ ಗಾಳಿ ಮೂಸುವವರ ಹಾಗೆ ಕೂತಳು.

"ಇದು ದೇವೀಂದ್ರಪ್ಪನ ಮನಿ ದನಿ. ಯಾರವ್ವಾ ನೀ?"

"ಅವನ ಮೊಮ್ಮಗಳು, ಆಯಿ. ಕಸ್ತೂರಿ."

"ನೋಡು ಮತ್ತ! ನಿಮ್ಮ ಮುತ್ಯಾ ಬಾಳಿ ತ್ವಾಟದಾಗ ನಿಂತು ಕರದ್ರ ನಮ್ಮ ಅಂಗಳದಾಗ ಎತ್ತು ಕಿವಿ ನಿಮರಸ್ತಿದ್ವು. ಆ ದನಿ ಅವನ ಕೂಡೇ ಹೋತು ಅಂದ್ಕೊಂಡಿದ್ದೆ. ಎಲ್ಲಿ ಮುಚ್ಚಿಟ್ಟಿದ್ದೆವ್ವಾ ಇಷ್ಟ ದಿನ?"

ನಾನು ಹುಟ್ಟುವ ಮೊದಲೇ ತೀರಿಹೋದ ಮುತ್ಯಾ. ಅವನ ಹೊಲದ ಕಥೆ ಕೇಳಿದ್ದೆ, ತಲೆಗೆ ಸುತ್ತುತ್ತಿದ್ದ ಪಟಕಾ ನೋಡಿದ್ದೆ. ಅವನ ದನಿ ಹೀಗಿತ್ತು ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ದೇವರು ಎಲ್ಲೋ ಲೆಕ್ಕ ತಪ್ಪಿ ನನಗೆ ಹಚ್ಚಿದ್ದಾನೆ ಅಂದುಕೊಂಡಿದ್ದ ದನಿ ಈ ಊರಿಗೆ ನನಗಿಂತ ಮೊದಲಿನಿಂದ ಗೊತ್ತಿತ್ತು. ಕಣ್ಣು ತುಂಬಿ ಬಂತು. ಭಾಗಮ್ಮಾಯಿಗೆ ಕಾಣುವಂತಿರಲಿಲ್ಲ, ಅದೊಂದು ಅನುಕೂಲವಾಯಿತು.

ಅವಳು ನನ್ನ ಕೈ ಹಿಡಿದು ಎದ್ದಳು. ಮನೆ ಮನೆಗೂ ಅವಳೇ ಮುಂದೆ. "ದೇವೀಂದ್ರಪ್ಪನ ಮೊಮ್ಮಗಳು ಬಂದಾಳ, ಏನ್ ಹೇಳ್ತಾಳ ಕೇಳ್ರಿ" ಅನ್ನುವಳು, ನಾನು ಹೇಳುವೆ. ಯಾರೂ ನಗಲಿಲ್ಲ. ನನ್ನ ದನಿ ಮೆಲ್ಲಗೆ ಆಡಿದರೂ ನಡುಮನೆಯ ತನಕ ಹೋಗುತ್ತಿತ್ತು, ಸಾವಿನ ಮನೆಯ ಅಳುವಿನ ಮೇಲೆ ಏರಿ ಹೋಗುತ್ತಿರಲಿಲ್ಲ. ಕಡೆಗೆ ಆ ಮನೆಯ ಬಾಗಿಲಿನಿಂದಲೇ ಒಬ್ಬ ಹೆಣ್ಣುಮಗಳು ಕೈ ಮಾಡಿ ಕರೆದಳು. ನಾನು ಹೆದರುತ್ತಲೇ ಹೋದೆ.

"ನಮ್ಮ ಅತ್ತಿಗೂ ಕಣ್ಣು ಕಾಣಂಗಿಲ್ಲ ತಂಗಿ. ಮಣ್ಣಾದ ಮ್ಯಾಲ ಬಂದ್ರ ನಡೀತದೇನು?"

ನಾನು ಟೆಂಟಿಗೆ ಓಡಿ ಕೇಳಿ ಬಂದೆ. ಡಾಕ್ಟರು ಕಾಯುತ್ತೇವೆ ಅಂದರು. ಸಂಜೆಯ ಹೊತ್ತಿಗೆ ಟೆಂಟಿನ ಮುಂದೆ ಕೂಡಲು ಜಾಗವಿರಲಿಲ್ಲ. ತಿರುಗಿ ಬರುವಾಗ ಬಾಯಾರು ಆಟೋದಲ್ಲಿ ನನ್ನ ಕೈ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಮರುದಿನ ಆಫೀಸಿನಲ್ಲಿ ಅವರು ಮೈಕಿನ ಮುಂದಿನ ತಮ್ಮ ಕುರ್ಚಿ ಬಿಟ್ಟು ಎದ್ದು ನಿಂತರು. "ಮುಕುಂದ, ಇನ್ನ ಮ್ಯಾಲ ದವಾಖಾನಿ, ನಳ, ಕರೆಂಟು, ನಿಧನ, ಎಲ್ಲ ಕಸ್ತೂರಿ ಹೇಳ್ತಾಳ. ಸೀರಿ, ಬಂಗಾರ ನನಗಿರಲಿ."

"ಅಕ್ಕಾ, ಅಂಗಡಿಯವರು..."

"ಆಕಿ ಈ ಕುರ್ಚಿ ಮ್ಯಾಲ ಕೂಡಲಿಲ್ಲಂದ್ರ ನಾನೂ ಕೂಡಂಗಿಲ್ಲ. ಆಮ್ಯಾಲ ನೀನೇ ಓದಬೇಕು ನೋಡು."

ರಾಯರ ದನಿ ಮೂಗಿನಲ್ಲಿತ್ತು. ಅವರು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು.

ನಾನು ಕೂತೆ. ಊರು ನನ್ನ ದನಿಗೆ ಒಗ್ಗಿಕೊಂಡಿತು. ಸೇಡಂ ರಸ್ತೆಯಲ್ಲಿ ತರಕಾರಿ ಕೊಳ್ಳುವಾಗ "ನಳದ ಬಾಯಿ ಅಲ್ಲೇನ್ರಿ ನೀವು?" ಅಂತ ಕೇಳುವವರಾದರು. ಬರಬರುತ್ತ ಬಂಗಾರದ ಅಂಗಡಿಯವರೇ "ಆ ದಪ್ಪ ದನಿಯವ್ರೇ ಬೇಕ್ರಿ, ನಂಬಿಗಿ ಬರ್ತದ" ಅಂದಾಗ ಬಾಯಾರಿಗೆ ಮುನಿಸು ಬಂದು ಕೆಲವು ದಿನ ನನ್ನನ್ನು ಚಹಾಕ್ಕೆ ಕರೆಯಲಿಲ್ಲ. ಆಮೇಲೆ ತಾವೇ ಎರಡು ಕಪ್ ತರಿಸಿ, "ಬಂಗಾರ ಅನ್ನೋ ಮುಂದ ಓಡಬ್ಯಾಡ, ನಿಂತು ಅನ್ನು" ಅಂತ ಕಲಿಸಿಕೊಟ್ಟರು. ಅವರ ಉಪಕಾರ ನೆನೆಯುವ ಮಾತು ಮಾತ್ರ ನನ್ನೊಳಗೇ ಉಳಿಯಿತು. ನಮ್ಮ ಕಡೆ ಮನೆಯವರಿಗೆ ಯಾರು ಹಾಗೆಲ್ಲ ಹೇಳುತ್ತಾರೆ? ಒಮ್ಮೆ ನಾನು ಬಾಯಿ ತೆರೆದದ್ದಕ್ಕೆ ಬಾಯಾರು "ನಾಟಕ ಸಾಕು, ಫೋನ್ ಎತ್ತು" ಅಂದಿದ್ದರು.

ಎರಡು ಸಾವಿರದ ಒಂದರಲ್ಲಿ ಬಾಯಾರು ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಬ್ರಹ್ಮಪುರದ ಮನೆಯಲ್ಲಿ ರಸ್ತೆ ಬದಿಯ ಕಿಟಕಿಯ ಹತ್ತಿರ ಮಂಚ. ಒಂದು ಮಧ್ಯಾಹ್ನ ಶಫಿ ಆಫೀಸಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತ.

"ತಪ್ಪ್ ಆಗ್ಯಾದ ಅಕ್ಕಾ. ಬಾಯಾರು ಮಲಗ್ಯಾರ, ತಕಲೀಫ್ ಆಗಬಾರ್ದು ಅಂತ ಅವರ ಮನಿ ಮುಂದ ಮೈಕ್ ಬಂದ್ ಮಾಡ್ದೆ."

"ಮತ್ತ?"

"ಮತ್ತೇನು! ಭೋಂಗಾ ಸುಮ್ಮನಾಗಿದ್ದ ಕೇಳಿ ಎದುರುಮನಿ ಮುಕ್ತಾಬಾಯಿ ಅಳಕೋತ ಹೂವಿನ ಮಾಲಿ ತಗೊಂಡು ಒಳಗ ಹೋಗ್ಯಾರ. ಬಾಯಾರು ಮಂಚದ ಮ್ಯಾಲ ಕೂತು ಚುರುಮುರಿ ಸುಸಲಾ ತಿನ್ನಾಕತ್ತಿದ್ರಂತ."

"ಮಾಲಿ ಏನಾತು?" ಅಂದೆ.

"ಬಾಯಾರು ಮಾಲಿ ಕಸಗೊಂಡು ತಾವೇ ಕೊಳ್ಳಾಗ ಹಾಕ್ಕೊಂಡಾರ. ಸೊಸಿ ಪಾರ್ವತೀಬಾಯಿ ಹೊರಗ ಬಂದು ನನಗ ಹೇಳಿದ್ರು, ಅತ್ತಿ ಭಾಳ ಸಿಟ್ಟಿಗೆದ್ದಾರ ಅಂತ. 'ಕಸ್ತೂರಿ ದನಿ ನನ್ನ ಮನಿ ಮುಂದ ಬಂದ್ ಮಾಡ್ಲಿಕ್ಕೆ ಇವಗ್ಯಾರು ಹೇಳಿದ್ರು, ದಿನಾ ಅದನ್ನ ಕೇಳ್ಲಿಕ್ಕೇ ಮಂಚ ಕಿಟಕಿಗೆ ಹಚ್ಚಿಸೀನಿ' ಅಂದ್ರಂತ."

ಮುಂದೆ ಕೇಳಲಾಗಲಿಲ್ಲ. ಕ್ಯಾಸೆಟ್ ಅಲ್ಲೇ ಬಿಟ್ಟು, ಕೈಮೈಕ್ ಹುಡುಕಿಕೊಂಡು ಅವನ ಆಟೋ ಹತ್ತಿದೆ.

ಬ್ರಹ್ಮಪುರದ ಆ ಮನೆಯ ಮುಂದೆ ಆಟೋ ನಿಂತಿತು. ಕಿಟಕಿ ತೆರೆದಿತ್ತು. ಒಳಗೆ ಮಂಚದ ಮೇಲೆ ಬಿಳಿ ತಲೆಯೊಂದು ಈ ಕಡೆ ತಿರುಗಿದ್ದು ಕಂಡಿತು. ನಾನು ಮೈಕ್ ಹಚ್ಚಿದೆ.

"ಬ್ರಹ್ಮಪುರದ ನಾಗರಿಕರಿಗೆ ತಿಳಿಸುವುದೇನೆಂದರೆ, ಶ್ರೀಮತಿ ಭಾಗೀರಥಿಬಾಯಿಯವರು ಆರಾಮಾಗಿದ್ದಾರೆ. ಇವತ್ತು ಇಲ್ಲಿ ಮೈಕ್ ಬಂದ್ ಆದದ್ದು ಶಫಿಯ ಪ್ರೀತಿಯಿಂದ, ಬೇರೆ ಕಾರಣದಿಂದಲ್ಲ. ಮಾಲೆ ತರುವವರು ಧಾರಾಳವಾಗಿ ತರಬಹುದು, ಅವರೇ ಹಾಕಿಕೊಳ್ಳುತ್ತಾರೆ."

ಓಣಿಯ ಬಾಗಿಲುಗಳು ತೆರೆದವು. ಯಾರೋ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೈಕ್ ಕೈಯಲ್ಲಿತ್ತು, ಎದೆ ತುಂಬಿತ್ತು, ಬರೆದ ಹಾಳೆ ಮುಂದೆ ಇರಲಿಲ್ಲ.

"ಬಾಯಾರ, ತುಟಿ ಅಲ್ಲಾಡಸ್ಕೋತ ಇದ್ದಾಕಿಗೆ ನೀವು ಮಾತಾಡು ಅಂದ್ರಿ. ನಿಮ್ಮ ಕುರ್ಚಿ ಬಿಟ್ಟು ಕೂಡಿಸಿದ್ರಿ. ನನ್ನ ದನಿ ನಂದೇ ಅಂತ ನನಗ ಗೊತ್ತಾಗಿದ್ದು ನಿಮ್ಮಿಂದ. ನಿಮ್ಮ ಉಪಕಾರ ನಾ ಇರೋತನ ಮರಿಯಂಗಿಲ್ಲ."

ಮೈಕ್ ಕೆಳಗಿಟ್ಟೆ. ಶಫಿ ಆಟೋದ ಎದುರಿನ ಗಾಜು ಒರೆಸುತ್ತಿದ್ದ, ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಆಗ ಕಿಟಕಿಯಿಂದ ಬಾಯಾರ ದನಿ ಬಂತು. ನಡುಗುತ್ತಿತ್ತು, ಆದರೂ ಅದೇ ಖಣಖಣ.

"ಕಸ್ತೂರೀ! ಎರಡನೇ ಸಲ ಯಾರು ಹೇಳಬೇಕು?"

ನಾನು ಮತ್ತೆ ಮೈಕ್ ಎತ್ತಿಕೊಂಡು ಮೊದಲಿನಿಂದ ಹೇಳಿದೆ.