ಹೊಲಿಗೆ ಅಕ್ಕನ ಬಲಗೈ

ಹೊಲಿಗೆ ಅಕ್ಕನಿಗೆ ಮೂರು ತಿಂಗಳಿಂದ ಎರಡೂ ಕೈ ಜೋಮು ಹಿಡಿಯುತ್ತಿತ್ತು. ಬಟ್ಟೆ ಕತ್ತರಿಸುವಾಗ ಕತ್ತರಿಯೇ ಜಾರಿ ಬೀಳುತ್ತಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಆಪರೇಷನ್ ಆಗಬೇಕು, ಮೊದಲು ಬಲಗೈ ಎಂದರು ಡಾಕ್ಟರು.

ಆ ದಿನ ಬಂದೇ ಬಿಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅವಳ ಗಂಡ ಮೇಷ್ಟ್ರು ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಗಡಗಡ ಓದಿದರು. ಹತ್ತು ವರ್ಷ ಗಾರ್ಮೆಂಟ್ಸಿನಲ್ಲಿ ಇಂಗ್ಲಿಷ್ ಆರ್ಡರು ಓದಿ ದುಡಿದ ಅಕ್ಕನಿಗೂ ಇಂಗ್ಲಿಷ್ ಬರುತ್ತಿತ್ತು. ಎಲ್ಲ ಅರ್ಥವಾಯಿತು. ತಲೆಯಾಡಿಸಿ ಪೆನ್ನು ತೆಗೆದುಕೊಂಡಳು.

"ಒಂದು ನಿಮಿಷ ಅಕ್ಕ," ಎಂದರು ಪಕ್ಕದಲ್ಲಿದ್ದ ನರ್ಸಮ್ಮ. "ಅದರಲ್ಲಿ ಏನಿದೆ ಅಂತ ನಮ್ಮ ಮಾತಲ್ಲಿ ಹೇಳಿ ನೋಡೋಣ."

ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. "ಅವಳಿಗೆ ಅರ್ಥ ಆಗಿದೆ ಕಣಮ್ಮ! ಇದೇನು ಪರೀಕ್ಷೆ? ಪರೀಕ್ಷೆ ಮಾಡೋದು ನನ್ನ ಕೆಲಸ!"

"ಅರ್ಥ ಆಗಿರುತ್ತೆ ಸಾರ್. ಆದರೆ ಕಲಿತ ಭಾಷೆ ತಲೆಗೆ ಹೋಗುತ್ತೆ, ಎಷ್ಟೋ ಸಲ ಎದೆಗೆ ಇಳಿಯಲ್ಲ. ಭಯ ಆಗಬೇಕಾದ ಕಡೆ ಭಯ ಆಗಲ್ಲ, ಕೇಳಬೇಕಾದ್ದು ನೆನಪೇ ಆಗಲ್ಲ."

ಸರಿ, ಅಕ್ಕ ಶುರು ಮಾಡಿದಳು. "ಮಣಿಕಟ್ಟಲ್ಲಿ ಸಣ್ಣದಾಗಿ ಕೊಯ್ತಾರೆ. ಹೊಲಿಗೆ ಹಾಕ್ತಾರೆ, ಅದು ನಮ್ಮ ಕಸುಬೇ ಬಿಡಿ. ಕೆಲವು ವಾರ ಕೈಗೆ ಬಲ ಇರಲ್ಲ. ಅಪರೂಪಕ್ಕೆ ಯಾರಿಗಾದ್ರೂ ಬೆರಳ ತುದಿಗೆ..." ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಮುಟ್ಟಿದ್ದು ಗೊತ್ತಾಗದೇ ಹೋಗಬಹುದು. ಅಯ್ಯೋ, ರೀ! ಮುಟ್ಟಿದ್ದು ಗೊತ್ತಾಗದಿದ್ರೆ ನಾನು ಸೂಜಿ ಹಿಡಿಯೋದು ಹೇಗೆ?"

ಮೇಷ್ಟ್ರು ಪತ್ರ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. "ನಾನೇ ಓದಿದೆ ಕಣೇ. ನನಗೆ ಹೊಳೀಲೇ ಇಲ್ಲ."

ಅಕ್ಕ ಕಣ್ಣೊರೆಸಿಕೊಂಡು ನೇರ ಡಾಕ್ಟರ ಹತ್ತಿರ ಹೋದಳು. "ಸಾರ್, ನನ್ನ ಸೂಜಿ, ಕತ್ತರಿ ಎಲ್ಲ ಬಲಗೈಯದೇ. ಎಡಗೈ ಮೊದಲು ಮಾಡೋಕಾಗುತ್ತಾ? ಅದು ಹೇಗಾಗುತ್ತೆ ನೋಡ್ಕೊಂಡು ಬಲಗೈ ಕೊಡ್ತೀನಿ."

"ಧಾರಾಳವಾಗಿ. ನಿಮ್ಮ ಬಲಗೈ ಸ್ವಲ್ಪ ದಿನ ಕಾಯಬಹುದು, ತೀರಾ ತಡ ಮಾಡಬೇಡಿ ಅಷ್ಟೇ. ಮೊದಲೇ ಕೇಳಿದ್ರೆ ಆಗಲೇ ಹೇಳ್ತಿದ್ದೆನಲ್ಲಮ್ಮ!" ಎಂದರು ಡಾಕ್ಟರು.

ಎಡಗೈ ಎಂದು ಬರೆದ ಹೊಸ ಪತ್ರ ಬಂತು. ಈ ಸಲ ಮೇಷ್ಟ್ರು ಒಂದೊಂದೇ ಸಾಲನ್ನು ಕನ್ನಡದಲ್ಲಿ, ನಿಧಾನವಾಗಿ ಹೇಳಿದರು. ಅಕ್ಕ ಎರಡು ಪ್ರಶ್ನೆ ಕೇಳಿ, ಉತ್ತರ ಪಡೆದು, ಆಮೇಲೆ ಬಲಗೈಯಲ್ಲಿ ಸಹಿ ಹಾಕಿದಳು. ಭಯ ಇನ್ನೂ ಇತ್ತು. ಆದರೆ ನಿರ್ಧಾರ ಈಗ ಅವಳದೇ ಆಗಿತ್ತು.

ಅಣ್ಣಂದಿರೇ, ಅಕ್ಕಂದಿರೇ, ಆಪರೇಷನ್ನಿಗೋ ಕೆಲಸಕ್ಕೋ ಮನೆಗೋ ಬೇರೆ ಭಾಷೆಯ ಕಾಗದ ನಿಮ್ಮ ಮುಂದೆ ಬಂದರೆ, ಅದರಲ್ಲಿರುವುದನ್ನು ಮೊದಲು ನಿಮ್ಮ ಮನೆಮಾತಿನಲ್ಲಿ ಬಾಯಿಬಿಟ್ಟು ಹೇಳಿ. ಆ ಭಾಷೆ ನಿಮಗೆ ಚೆನ್ನಾಗಿ ಬಂದರೂ ಹೇಳಿ. ಎದೆ ಝಲ್ ಎಂದ ಕಡೆ ನಿಲ್ಲಿಸಿ, ಕೇಳಿ. ಹಾಕಿದ ಸಹಿ ಅಳಿಸಲು ಬರುವುದಿಲ್ಲ. ಪ್ರಶ್ನೆ ಕೇಳಿದರೆ ಯಾರೂ ದಂಡ ಹಾಕುವುದಿಲ್ಲ.